ಸಹಾಯ ಬೇಕು: ಸಿನಿಮಾದಲ್ಲಿ ಕೇಳಿದ ಅದೇ ರೆಕಾರ್ಡಿಂಗ್ ಯಾವುದು ಅಂತ ಗುರುತಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಆರ್ಕೆಸ್ಟ್ರಾ ಹಿನ್ನೆಲೆ ಸಂಗೀತದ ಆಲ್ಬಂ ಸಂಗ್ರಹಿಸುವವರು ಇಲ್ಲಿ ಇದ್ದೀರಲ್ವಾ, ನಿಮ್ಮ ಸಲಹೆ ಬೇಕು.

1975ರ 'ಜಾಸ್' ಸಿನಿಮಾದ ಸಂಗೀತ ಅಂದ್ರೆ ನನಗೆ ಪ್ರಾಣ. ಎರಡೇ ಸ್ವರ. ತಂತಿವಾದ್ಯಗಳ ತಗ್ಗಿನ ದನಿಯಲ್ಲಿ ನಿಧಾನವಾಗಿ ಶುರುವಾಗಿ ವೇಗ ಹೆಚ್ಚುತ್ತಾ ಹೋಗುತ್ತದೆ. ಶಾರ್ಕ್ ಕಾಣುವ ಮೊದಲೇ ಮೈ ಜುಂ ಅನ್ನುತ್ತದೆ. ಆದರೆ ಆಗಿನ ಎಲ್‌ಪಿ (ಗ್ರಾಮಫೋನ್ ತಟ್ಟೆ) ಆಲ್ಬಂಗಾಗಿ ಸಂಯೋಜಕ ಜಾನ್ ವಿಲಿಯಮ್ಸ್ ಈ ಸಂಗೀತವನ್ನು ಮತ್ತೊಮ್ಮೆ ಬೇರೆಯಾಗಿ ರೆಕಾರ್ಡ್ ಮಾಡಿದ್ದರು. ಹಾಗಾಗಿ ಸಿನಿಮಾದಲ್ಲಿ ಕೇಳಿಸುವುದೇ ಬೇರೆ, ಆ ಆಲ್ಬಂನಲ್ಲಿರುವುದೇ ಬೇರೆ. 1960ರ 'ಸೈಕೋ' ಕೂಡ ಹೀಗೇ. ಅದರ ಸಂಯೋಜಕ ಬರ್ನಾರ್ಡ್ ಹರ್ಮನ್ 1975ರಲ್ಲಿ ಅದನ್ನು ಮತ್ತೆ ನುಡಿಸಿದಾಗ ಗತಿ ನಿಧಾನವಾಯಿತು.

ಇದೇ ವಿಷಯಕ್ಕೆ ಗೆಳೆಯರ ಜೊತೆ ಜೋರು ವಾದ ನಡೆದಿದೆ. ಮರುರೆಕಾರ್ಡಿಂಗ್‌ನಲ್ಲಿ ಪ್ರತಿ ವಾದ್ಯ ಸ್ಪಷ್ಟವಾಗಿ ಕೇಳುತ್ತೆ, ಅದೇ ಮೇಲು ಅನ್ನೋದು ಅವರ ಮಾತು. ನಾನು ಒಪ್ಪುವುದಿಲ್ಲ. ದೃಶ್ಯದ ಜೊತೆ ಉಸಿರಾಡಿದ ಆ ಮೊದಲ ನುಡಿಸಾಣಿಕೆಯೇ ನನಗೆ ಬೇಕು, ಸ್ವಲ್ಪ ಹಿಸ್ (ಹಳೆಯ ಟೇಪಿನ ಸುಯ್ ಸದ್ದು) ಇದ್ದರೂ ಪರವಾಗಿಲ್ಲ.

ಕೊಳ್ಳುವ ಮುಂಚೆ ಕವರ್ ಮೇಲೆ ಏನು ನೋಡಬೇಕು? ಆರ್ಕೆಸ್ಟ್ರಾದ ಹೆಸರು, ರೆಕಾರ್ಡಿಂಗ್ ವರ್ಷ ಇಷ್ಟೇ ಸಾಕಾ? ಎಷ್ಟೋ ಕಡೆ 'ಮೂಲ ಸಂಗೀತ' ಅಂತ ಬರೆದಿದ್ದರೂ ಒಳಗೆ ಆಲ್ಬಂಗಾಗಿ ನುಡಿಸಿದ್ದೇ ಇರುತ್ತದೆ. ಎರಡೂ ರೂಪಗಳನ್ನು ಒಟ್ಟಿಗೆ ಕೊಡುವ ವಿಸ್ತೃತ ಆವೃತ್ತಿಗಳು ಗೊತ್ತಿದ್ದರೆ ದಯವಿಟ್ಟು ತಿಳಿಸಿ. ಹಾಗೇ ಸಿನಿಮಾ ರೂಪ, ಆಲ್ಬಂ ರೂಪ ಎರಡನ್ನೂ ಕೇಳಿದವರು ನಿಮಗೆ ಯಾವುದು ಹಿಡಿಸಿತು, ಯಾಕೆ ಅಂತಲೂ ಬರೆಯಿರಿ.