ರೀಲಿಗೆ ರೀಲು: ಸುತ್ತುವುದೋ, ಪೋಣಿಸುವುದೋ?

ಗೆಳೆಯರೆ,

ಒಂದು ಪದದ ತೊಡಕು ತಂದಿದ್ದೇನೆ. ಮನೆಯಲ್ಲೇ ಫಿಲಂ ಡೆವಲಪ್ ಮಾಡುವುದು ಹೇಗೆ ಅಂತ ಇಲ್ಲಿ ಕಲಬುರಗಿಯ ಇಬ್ಬರು ಹುಡುಗರಿಗೆ ಕನ್ನಡದಲ್ಲಿ ಬರೆದುಕೊಡುತ್ತಿದ್ದೇನೆ. ಎರಡನೇ ಸಾಲಿಗೇ ಪೆನ್ನು ನಿಂತಿತು. ಬರೆದದ್ದು ಹೀಗಿತ್ತು: "ಕತ್ತಲೆಯಲ್ಲಿ ರೀಲನ್ನು ರೀಲಿಗೆ ಸುತ್ತಿ."

ನಮ್ಮ ಕಡೆ ರೀಲು ಅಂದರೆ ಫಿಲಂ. ಕಾಕಾ ಸೂಪರ್ ಮಾರ್ಕೆಟ್ ಹತ್ತಿರ ಸ್ಟುಡಿಯೊ ಇಟ್ಟಿದ್ದಾಗ ಗಿರಾಕಿಗಳು "ರೀಲ್ ತೊಳೆಸೋದದ" ಅಂತಲೇ ಬರುತ್ತಿದ್ದರು. ಕ್ಯಾಮೆರಾಕ್ಕೆ ರೀಲ್ ಹಾಕು, ರೀಲ್ ಮುಗೀತು, ಎಲ್ಲ ಹೀಗೇ. ಮೂಲದಲ್ಲಿ ರೀಲು ಅಂದರೆ ಸುತ್ತುವ ಗಾಲಿ, ಅಲ್ವಾ? ನಾವು ಅದರ ಮೇಲೆ ಸುತ್ತಿದ್ದಕ್ಕೇ ಆ ಹೆಸರು ಕೊಟ್ಟುಬಿಟ್ಟೆವು. ಹೊಲಿಗೆ ದಾರದಲ್ಲೂ ಅಷ್ಟೆ. ರೀಲು ಮುಗಿಯಿತು ಅಂದಾಗ ಮುಗಿದದ್ದು ದಾರ, ಗಾಲಿ ಕೈಯಲ್ಲೇ ಇರುತ್ತೆ. ಹೀಗಾಗಿ ಡೆವಲಪಿಂಗ್ ಡಬ್ಬಿಯೊಳಗಿನ ಗಾಲಿಗೆ ಹೆಸರೇ ಇಲ್ಲದಂತಾಗಿದೆ. ಕಾಕಾ ಸ್ಪೈರಲ್ ಅನ್ನುತ್ತಿದ್ದರು. ಅದು ಸ್ಟುಡಿಯೊದ ಬಾಗಿಲು ದಾಟಿ ಹೊರಗೆ ಬರಲಿಲ್ಲ.

ಆ ವಸ್ತು ಹೀಗಿರುತ್ತೆ. ಎರಡು ತಟ್ಟೆ, ನಡುವೆ ಕೊಳವೆಯಂಥ ದಿಂಡು. ತಟ್ಟೆಗಳ ಒಳಮೈಯಲ್ಲಿ ಚಕ್ಕಲಿಯಂತೆ ಸುತ್ತಿ ಬರುವ ಗೀರು. ಫಿಲಂನ ಎರಡು ಅಂಚು ಆ ಗೀರುಗಳಲ್ಲಿ ಕೂರಬೇಕು. ಒಂದು ಸುತ್ತು ಇನ್ನೊಂದಕ್ಕೆ ತಾಗಬಾರದು, ತಾಗಿದ ಕಡೆ ಕೆಮಿಕಲ್ ಹೋಗುವುದಿಲ್ಲ. ನಮ್ಮ ಕೋಟೆಯೊಳಗೆ 1367ರ ಜಾಮಿಯಾ ಮಸೀದಿ ಇದೆ. ಅದರ ಕಮಾನುಗಳ ಸಾಲನ್ನು ಹೋದ ವರ್ಷ 120 ಅನ್ನುವ ಅಗಲ ಫಿಲಂನಲ್ಲಿ ತೆಗೆದಿದ್ದೆ. ಚೌಕ ಚಿತ್ರ, ಒಂದು ರೋಲಿಗೆ ಬರೀ 12. ಎರಡು ಸುತ್ತು ಅಂಟಿಕೊಂಡು, ಎರಡು ಚಿತ್ರದ ಮೇಲೆ ಹಾಲು ಚೆಲ್ಲಿದಂಥ ಕಲೆ ಉಳಿಯಿತು. ಈಗಲೂ ಆ ನೆಗೆಟಿವ್ ನೋಡಿದರೆ ಹೊಟ್ಟೆ ಉರಿಯುತ್ತೆ.

ಅದಕ್ಕೇ ಕಂಡಿಕೆ ಅನ್ನುವ ಪದ ನನಗೆ ಒಗ್ಗುತ್ತಿಲ್ಲ. ನೇಕಾರರು ನೂಲು ಸುತ್ತಿಡುವ ಕಂಡಿಕೆಯಲ್ಲಿ ನೂಲಿನ ಮೇಲೆ ನೂಲು ಕೂರುತ್ತೆ. ಇಲ್ಲಿ ಸುತ್ತುಗಳು ಬಿಡಿಬಿಡಿಯಾಗಿ ನಿಲ್ಲಬೇಕು. ಸುರುಳಿ ಅಂದರೆ ಮತ್ತೆ ಫಿಲಮ್ಮೇ ನೆನಪಾಗುತ್ತೆ. ಸದ್ಯಕ್ಕೆ 'ಚಕ್ಕಲಿ ಗಾಲಿ' ಅಂತ ಬರೆದಿದ್ದೇನೆ. ಹುಡುಗರಿಗೆ ಕೂಡಲೇ ತಿಳಿಯಿತು.

ಹೆಸರಿಗಿಂತ ಕ್ರಿಯಾಪದದ ಪೇಚು ಜಾಸ್ತಿ. ಸ್ಟೀಲಿನ ಗಾಲಿಯಾದರೆ ಫಿಲಂನ ತುದಿಯನ್ನು ನಡುವಿನ ಕ್ಲಿಪ್ಪಿಗೆ ಸಿಕ್ಕಿಸಿ, ಬೆರಳಿನಲ್ಲಿ ಅಂಚುಗಳನ್ನು ತುಸು ಬಾಗಿಸಿ ಹಿಡಿದು, ಒಳಗಿನಿಂದ ಹೊರಕ್ಕೆ ಸುತ್ತುತ್ತಾ ಬರಬೇಕು. ಅದಕ್ಕೆ 'ಸುತ್ತು' ಸರಿ. ಪ್ಲಾಸ್ಟಿಕ್ಕಿನದು ಪೂರ್ತಿ ಉಲ್ಟಾ. ತುದಿಯನ್ನು ಹೊರಗಿನ ಬಾಯಿಗೆ ತೂರಿಸಬೇಕು. ತಟ್ಟೆಗಳನ್ನು ಒಂದಾದ ಮೇಲೊಂದು ಹಿಂದೆ ಮುಂದೆ ತಿರುವಿದರೆ ಬಾಯಲ್ಲಿರುವ ಸಣ್ಣ ಗುಂಡುಗಳು ಅಂಚು ಹಿಡಿದು ಫಿಲಂ ಅನ್ನು ಒಳಗೆಳೆದುಕೊಳ್ಳುತ್ತವೆ. ಇಲ್ಲಿ ನಾವು ಏನನ್ನೂ ಸುತ್ತುವುದಿಲ್ಲ.

ಒಂದು ಹಾಳಾದ ರೋಲು ಇಟ್ಟುಕೊಂಡು ಹಗಲಲ್ಲೇ ಇದನ್ನು ರೂಢಿ ಮಾಡಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಕೂತಿದ್ದ ಅವ್ವ, "ಲಂಗಕ್ಕ ಲಾಡಿ ಪೋಣಿಸಿದಂಗ ಅದ ನೋಡು" ಅಂದಳು. ಎಷ್ಟು ಸರಿಯಾದ ಮಾತು! ಪಿನ್ನು ಸಿಕ್ಕಿಸಿದ ಲಾಡಿ ಸೊಂಟದ ಮಡಿಕೆಯೊಳಗೆ ಬೆರಳಷ್ಟು ಬೆರಳಷ್ಟೇ ಜರುಗುತ್ತೆ. ಸಿಕ್ಕಿಕೊಂಡರೆ ಜಗ್ಗುವಂತಿಲ್ಲ. ತುಸು ಹಿಂದಕ್ಕೆ ತಂದು ಮತ್ತೆ ಮುಂದಕ್ಕೆ. ಫಿಲಮ್ಮೂ ಹಾಗೆಯೇ. 120 ಅಂತೂ 6 ಸೆಂ.ಮೀ. ಅಗಲ, ಬೆನ್ನಿಗೊಂದು ಕಾಗದ. ಕತ್ತಲೆಯಲ್ಲಿ ಮೊದಲು ಕಾಗದ ಬಿಚ್ಚುತ್ತಾ ಫಿಲಂನ ತುದಿ ಹುಡುಕಬೇಕು, ಕೊನೆಗೆ ಅಂಟುಪಟ್ಟಿಯನ್ನು ನಿಧಾನವಾಗಿ ಕೀಳಬೇಕು. ಸಿಟ್ಟಿನಲ್ಲಿ ತಳ್ಳಿದರೆ ಫಿಲಂ ಮಡಿಚಿ, ನೆಗೆಟಿವ್ ಮೇಲೆ ಉಗುರು ಒತ್ತಿದಂಥ ಗುರುತು ಬೀಳುತ್ತೆ. ಅದಕ್ಕೆ 'ಉಗುರುಕಲೆ' ಅಂತ ಬರೆದೆ. ಅದರಲ್ಲಿ ನನಗೆ ಅನುಮಾನವಿಲ್ಲ.

ಬೇಸಿಗೆಯಲ್ಲಿ ಇನ್ನೊಂದು ಕಷ್ಟ. ಬೆಳಕು ನುಸುಳದ ಕತ್ತಲೆ ಚೀಲದೊಳಗೆ ಕೈಯಿಟ್ಟರೆ ಎರಡೇ ನಿಮಿಷಕ್ಕೆ ಬೆವರು. ಆ ಪಸೆಗೆ ಫಿಲಂ ಗೀರಿನಲ್ಲಿ ಅಂಟಿ ನಿಂತುಬಿಡುತ್ತೆ. ನಾನು ರಾತ್ರಿ ಒಳಕೋಣೆಯ ಕಿಟಕಿಗೆ ಎರಡು ಕೌದಿ ಕಟ್ಟಿ, ದೀಪ ಆರಿಸಿ, ಶಾಬಾದ್ ಕಲ್ಲಿನ ನೆಲದ ಮೇಲೆ ಕೂರುತ್ತೇನೆ. ಗಾಲಿ ಹಿಂದಿನ ದಿನವೇ ತೊಳೆದು ಒಣಗಿಸಿರಬೇಕು.

ಹಾಗಾಗಿ ಸ್ಟೀಲಿಗೆ 'ಸುತ್ತು', ಪ್ಲಾಸ್ಟಿಕ್ಕಿಗೆ 'ಪೋಣಿಸು' ಅಂತ ಬೇರೆಬೇರೆ ಮಾಡಿದ್ದೇನೆ. ಪುಸ್ತಕದ ಕನ್ನಡದಲ್ಲಿ ಎರಡಕ್ಕೂ ಸುಮ್ನೆ 'ಅಳವಡಿಸು' ಅಂದುಬಿಡಬಹುದು. ಆದರೆ ಕತ್ತಲೆಯಲ್ಲಿ ಕೂತವನ ಕೈಗೆ ಆ ಮಾತು ಏನೂ ಹೇಳುವುದಿಲ್ಲ. 'ಪೋಣಿಸು' ಅಂದರೆ ಮಣಿ, ಹೂವು, ಸೂಜಿ ಮಾತ್ರ ಅಂತ ನಿಮಗೆ ಅನ್ನಿಸುತ್ತದೆಯೇ? ನಿಮ್ಮ ಮನೆಗಳಲ್ಲಿ ಲಾಡಿಯನ್ನು ಪೋಣಿಸುತ್ತೀರೋ, ಏರಿಸುತ್ತೀರೋ, ತೂರಿಸುತ್ತೀರೋ?

ಬೀದರಿನವರಿಗೆ ಇನ್ನೊಂದು ಪ್ರಶ್ನೆ. ಬಿದರಿ ಕೆಲಸದಲ್ಲಿ ಉಳಿಯಿಂದ ಕೊರೆದ ಗೀರಿನೊಳಗೆ ಬೆಳ್ಳಿ ತಂತಿ ಕೂರಿಸುತ್ತಾರಲ್ಲ, ಆ ಗೀರಿಗೂ ಕೂರಿಸುವ ಕೆಲಸಕ್ಕೂ ಅಲ್ಲಿನ ಕುಶಲಿಗರು ಏನನ್ನುತ್ತಾರೆ? ಉರ್ದು ಪದವಾದರೂ ಸರಿ, ಕೇಳಿದ ಹಾಗೇ ಬರೆದು ತಿಳಿಸಿ.