ಟ್ಯಾಂಕರ್ ನೀರು ಬಂದಮೇಲೆ ಕುದುರೆ ನೀರೇ ಕುಡೀತಿಲ್ಲ

ತೋಟದಮನೆ:
ಯಲಹಂಕದ ಆಚೆ ನಮ್ಮ ತೋಟದಲ್ಲಿ ಒಂದು ಹೆಣ್ಣು ಕುದುರೆ ಇದೆ. ಹೆಸರು ಗೌರಿ, ಆರು ವರ್ಷ, ಸುಮಾರು 350 ಕೆಜಿ. ಬೋರ್ ಬತ್ತಿ ಹತ್ತು ದಿನದಿಂದ ಟ್ಯಾಂಕರ್ ನೀರು. ದಿನಕ್ಕೆ 15 ಲೀಟರಿನ ಎರಡು ಬಕೆಟ್ ಖಾಲಿ ಮಾಡ್ತಿದ್ದವಳು ಈಗ ಮೂತಿ ಅದ್ದಿ ತಲೆ ಎತ್ತಿಬಿಡ್ತಾಳೆ. ಒಂದು ಬಕೆಟ್ಟೂ ಮುಗಿಯಲ್ಲ. ಲದ್ದಿ ಸಣ್ಣ ಗಟ್ಟಿ ಉಂಡೆ ಆಗಿದೆ. ಬೆಳಿಗ್ಗೆ ಎರಡು ಕೆಜಿ, ಸಂಜೆ ಎರಡು ಕೆಜಿ ಹುರುಳಿ-ಬೂಸಾ, ಮಧ್ಯಾಹ್ನ ಒಂದು ಹೊರೆ ಒಣಹುಲ್ಲು ಕೊಡ್ತೀವಿ. ಭಯ ಆಗ್ತಿದೆ.

ಕೆರೆಬದಿ:
ಬಕೆಟ್ ಮೂಸಿ ನೋಡಿ ಮೇಡಂ. ಪಾಚಿ, ಸೋಪಿನ ವಾಸನೆ ಇದ್ರೂ ಮುಟ್ಟಲ್ಲ.

ಜಟಕಾ ಮನೆಯವನು:
ನೋಡಮ್ಮ, ನಮ್ಮಪ್ಪ ಜಟಕಾ ಓಡಿಸ್ತಿದ್ರು, ನಾನು ಲಾಯದಲ್ಲೇ ಬೆಳೆದವನು. ಮೊದಲು ಕಾಳು ಅರ್ಧಕ್ಕರ್ಧ ಇಳಿಸಿ, ಇವತ್ತೇ. ನೀರಿಲ್ಲದ ಹೊಟ್ಟೆಗೆ ಹುರುಳಿ ಬಿದ್ರೆ ಕಟ್ಟಿಕೊಳ್ಳತ್ತೆ. ಕುದುರೆಗೆ ವಾಂತಿ ಮಾಡೋಕೆ ಆಗಲ್ಲ, ಜಠರವೂ ಮೈಗೆ ತಕ್ಕಷ್ಟು ದೊಡ್ಡದಲ್ಲ. ಅವಳಿಗೆ ದಿನಕ್ಕೆ ಐದಾರು ಕೆಜಿ ಒಣಹುಲ್ಲು ಬೇಕು. ಒಂದೇ ಹೊತ್ತಿಗೆ ಸುರಿಯದೆ ನಾಲ್ಕು ಪಾಲು ಮಾಡಿ, ನೀರಲ್ಲಿ ನೆನೆಸಿ ಕೊಡಿ. ಹುಲ್ಲಿನ ಜೊತೆಗೇ ನೀರು ಒಳಗೆ ಹೋಗತ್ತೆ.

ಟ್ಯಾಂಕರ್ ನೀರನ್ನ ರಾತ್ರಿಯೇ ತೆರೆದ ತೊಟ್ಟಿಗೆ ಬಿಡಿ, ನೀರಿಗೆ ಹಾಕಿರೋ ಕ್ಲೋರಿನ್ ವಾಸನೆ ಇಳಿಯತ್ತೆ. ಒಂದು ಬಕೆಟ್ಟಿಗೆ ನಿಂಬೆಗಾತ್ರದ ಬೆಲ್ಲ ಕರಗಿಸಿ, ಪಕ್ಕದಲ್ಲೇ ಇನ್ನೊಂದರಲ್ಲಿ ಬರೀ ನೀರು ಇಡಿ. ಕುಡಿಯುವಾಗ ಕಿವಿ ನೋಡಿ: ಗುಟುಕಿಗೊಂದು ಸಲ ಆಡತ್ತೆ. ಕಿವಿ ಆಡದೆ ಇದ್ರೆ ಬರೀ ಮೂತಿ ಒದ್ದೆ ಮಾಡ್ಕೊಂಡಿದಾಳೆ ಅಂತ.

ವಸಡಿನ ಮೇಲೆ ಬೆರಳೊತ್ತಿ ಬಿಡಿ. ಬಿಳಿ ಮಚ್ಚೆ ಎರಡು ಸೆಕೆಂಡಲ್ಲಿ ಕೆಂಪಾಗಬೇಕು. ಆಗದಿದ್ರೆ, ಅಥವಾ ನೆಲ ಕೆರೆದು, ಪಕ್ಕೆ ತಿರುಗಿ ನೋಡಿ, ಮಲಗಿ ಹೊರಳಿದ್ರೆ ಮೇವು ತೆಗೆದು ತಕ್ಷಣ ಡಾಕ್ಟರನ್ನ ಕರೆಸಿ. ಗೊಟ್ಟದಲ್ಲಿ, ಅಂದ್ರೆ ಬಾಯಿಗೆ ಔಷಧ ಸುರಿಯೋ ಬಿದಿರಿನ ಕೊಳವೇಲಿ, ಎಣ್ಣೆ ಮಾತ್ರ ಹಾಕಬೇಡಿ. ನಮ್ಮ ರಾಜನಿಗೆ ಹಾಗೆ ಹಾಕಿ ಎಣ್ಣೆ ಶ್ವಾಸಕೋಶಕ್ಕೆ ಇಳಿದು ಮೂರೇ ದಿನಕ್ಕೆ ಹೋದ. ಅಪ್ಪ ಆಮೇಲೆ ಬೇರೆ ಕುದುರೆ ತರಲೇ ಇಲ್ಲ.

ತೋಟದಮನೆ:
ಅಣ್ಣಾ, ವಸಡು ಸರಿ ಇದೆ. ನೀಲಿ ಡ್ರಮ್ಮೇ ಪ್ಲಾಸ್ಟಿಕ್ ವಾಸನೆ ಹೊಡೀತಿತ್ತು, ತೆಗೆದು ಕಲ್ಲು ಬಾನಿ ಇಟ್ಟೆ. ಇವತ್ತು ಬೆಳಿಗ್ಗೆ ಬೆಲ್ಲದ ಬಕೆಟ್ ಪೂರ್ತಿ ಕುಡಿದಳು, ಕಿವಿ ಎಣಿಸ್ತಾ ನಿಂತಿದ್ದೆ. ಬೆಲ್ಲ ಎಷ್ಟು ದಿನ ಕೊಡಲಿ?

ಜಟಕಾ ಮನೆಯವನು:
ದಿನಾ ಸ್ವಲ್ಪ ಸ್ವಲ್ಪ ಇಳಿಸಿ, ವಾರದಲ್ಲಿ ನಿಲ್ಲಿಸಿ. ನಾಳೆ ಲದ್ದಿ ಹೇಗಿದೆ ಅಂತ ಬರೀಮ್ಮ.