ಶುರಾಸ್ಕರಿಯಾದಲ್ಲಿ ದನದ್ದು, ಹಂದಿದು ತಿನ್ನದವರಿಗೆ ಊಟ ಆಗುತ್ತಾ?

ಪ್ರಶ್ನೆ: ಗಂಡನ ಕೆಲಸದ ಮೇಲೆ ಬ್ರೆಜಿಲ್‌ನ ಸಾವೊ ಪಾಲೊಗೆ ಬಂದಿದೀವಿ. ಅವರ ಆಫೀಸಿನವರು ಶನಿವಾರ ಶುರಾಸ್ಕರಿಯಾಗೆ ಕರೆದಿದ್ದಾರೆ. ಸಲಾಕೆಗೆ ಚುಚ್ಚಿ ಸುಟ್ಟ ಮಾಂಸನ ಮೇಜಿನ ಹತ್ರಾನೇ ತಂದು ಕೊಯ್ದು ಬಡಿಸ್ತಾರಂತೆ. ನಾನು ಕೋಳಿ, ಕುರಿ ಮಾತ್ರ ತಿನ್ನೋದು. ಹೋಗಿ ಬಂದವರು ಹೇಳಿ.

ಉತ್ತರ: ಧಾರಾಳವಾಗಿ ಆಗುತ್ತೆ, ಹೋಗಿ ಬನ್ನಿ. ಆದ್ರೆ ಬಂದಿದ್ದಕ್ಕೆಲ್ಲ ತಟ್ಟೆ ಒಡ್ಡಬೇಡಿ. ಶುರುವಿಗೆ ಸಾಮಾನ್ಯವಾಗಿ ಓಡಾಡೋದು ಲಿಂಗ್ವೀಸಾ ಅನ್ನೋ ಹಂದಿ ಸಾಸೇಜು. ಎಷ್ಟೋ ಕಡೆ ಮೇಜಿನ ಮೇಲೆ ಒಂದು ಬಿಲ್ಲೆ ಇಟ್ಟಿರ್ತಾರೆ. ಹಸಿರು ಮೇಲಿದ್ರೆ ತರ್ತಾನೇ ಇರ್ತಾರೆ, ಕೆಂಪು ಮೇಲೆ ಮಾಡಿದ್ರೆ ನಿಲ್ಲಿಸ್ತಾರೆ. ಬಿಲ್ಲೆ ಇಲ್ಲದ ಕಡೆ 'ನಾವ್, ಒಬ್ರಿಗಾದಾ' (ಬೇಡ, ಥ್ಯಾಂಕ್ಸ್) ಅಂದ್ರೆ ಸಾಕು, ಬೇಜಾರು ಮಾಡ್ಕೊಳಲ್ಲ.

ನಿಮ್ಮ ಯಜಮಾನ್ರಿಗೆ ಪಿಕಾನ್ಯಾ ಬರೋ ತನಕ ಹೊಟ್ಟೇಲಿ ಜಾಗ ಇಟ್ಕೊಳಕ್ಕೆ ಹೇಳಿ. ದನದ ಹಿಂಭಾಗದ ಮಾಂಸ ಅದು. ಮೇಲಿನ ಕೊಬ್ಬಿನ ಪದರ ಹಾಗೇ ಬಿಟ್ಟು, ಅರ್ಧಚಂದ್ರದ ಆಕಾರಕ್ಕೆ ಬಗ್ಗಿಸಿ ಚುಚ್ಚಿರ್ತಾರೆ. ಮಸಾಲೆ ಇಲ್ಲ, ಬರೀ ಕಲ್ಲುಪ್ಪು. ಬಡಿಸೋರು ಸಲಾಕೆ ನೆಟ್ಟಗೆ ನಿಲ್ಲಿಸಿ ತೆಳ್ಳಗೆ ಕೊಯ್ತಾ ಬರ್ತಾರೆ. ಕೊಟ್ಟಿರೋ ಪುಟ್ಟ ಇಕ್ಕಳದಲ್ಲಿ ಆ ಚೂರಿನ ತುದಿ ನಾವು ಹಿಡ್ಕೊಬೇಕು. ಒಳಗೆ ಕೆಂಪಗಿರೋದು ಬೇಡ ಅಂದ್ರೆ 'ಬೆಂಯ್ ಪಸಾದು' ಅನ್ನಿ, ಚೆನ್ನಾಗಿ ಬೆಂದ ಕಡೆಯಿಂದ ಕೊಡ್ತಾರೆ. ಸಂಕೋಚ ಪಡಬೇಡಿ, ಕೇಳಿದ ಹಾಗೆ ಕೊಯ್ದು ಕೊಡೋದರಲ್ಲೇ ಆ ಊಟದ ಸುಖ ಇರೋದು.

ಇನ್ನೊಬ್ಬರು: ಕೋಳಿ ಅಂತ ಕಣ್ಮುಚ್ಚಿ ತಗೋಬೇಡಿ ಅಕ್ಕ. ಕೋಳಿ ತುಂಡಿಗೆ ಬೇಕನ್ (ಹಂದಿ ಮಾಂಸದ ತೆಳು ಪಟ್ಟಿ) ಸುತ್ತಿ ಸುಡೋದು ಅಲ್ಲಿ ಮಾಮೂಲು. ಕೂತ ತಕ್ಷಣ 'ನಾವ್ ಕೋಮು ಕಾರ್ನಿ ಬೊವೀನಾ, ನೆಂಯ್ ಪೋರ್ಕು' (ದನದ್ದು, ಹಂದಿದು ತಿನ್ನಲ್ಲ) ಅಂತ ಹೇಳಿಬಿಡಿ. ಬಫೆಯಲ್ಲಿರೋ ಹುರುಳಿಕಾಯಿ ಬೀಜದ ಸಾರು, ಮರಗೆಣಸಿನ ಹಿಟ್ಟು ಹುರಿದ ಫರೋಫಾ, ಎರಡರಲ್ಲೂ ಹಂದಿ ಇರಬಹುದು, ಕೇಳಿ ಹಾಕ್ಕೊಳ್ಳಿ. ಒಂದೇ ಚಾಕು ಎಲ್ಲಕ್ಕೂ ತಾಗೋದು ಮನಸ್ಸಿಗೆ ಬರಲ್ಲ ಅನ್ನೋದಾದ್ರೆ ಅಡುಗೆಮನೆಯಿಂದಲೇ ಬೇರೆ ತಟ್ಟೇಲಿ ತರಿಸಿ. ಕುರಿಗೆ 'ಕೊರ್ದೇರು' ಅಂತ ಕೇಳಿ. ಉಪ್ಪು ಹಚ್ಚಿ ಸುಟ್ಟ ಕೋಳಿ ಹೃದಯ, ದಾಲ್ಚಿನ್ನಿ ಹಾಕಿ ಸುಟ್ಟ ಅನಾನಸ್ ಬಿಡಲೇಬೇಡಿ!

ಮತ್ತೊಬ್ಬರು: ಕುಪಿಂ ಅಂತ ಬಂದ್ರೆ ಅದು ದನದ ಡುಬ್ಬ. ನಮ್ಮ ನೆಲ್ಲೂರು ಕಡೆಯಿಂದ ಹೋದ ಡುಬ್ಬದ ದನದ ತಳಿಯೇ ಅಲ್ಲಿ ನೆಲೋರಿ ಆಗಿ ದೇಶ ತುಂಬ ಇದೆ. ದುಡ್ಡಿನ ವಿಷಯ: ಊಟಕ್ಕೆ ತಲೆಗಿಷ್ಟು ಅಂತ ಒಂದೇ ರೇಟು, ಆದ್ರೆ ಜ್ಯೂಸು, ಸಿಹಿ ಸಾಮಾನ್ಯವಾಗಿ ಬೇರೆ, ಸರ್ವಿಸ್ ಅಂತ ಹೆಚ್ಚಾಗಿ ಶೇ. 10 ಬಿಲ್ಲಿಗೇ ಸೇರಿಸಿರ್ತಾರೆ, ಮತ್ತೆ ಟಿಪ್ಸ್ ಕೊಡಬೇಕಿಲ್ಲ.